ಸೊಟ್ಟ ಗಿಡಕ್ಕೆಲ್ಲ ಬೀಜವನ್ನೇ ಬೈಯಬೇಕೆ?



ಬೀಜದಂತೆ ವೃಕ್ಷ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಟೊಮೆಟೊ ಗಿಡದ ಎಲೆ ಮುದುರಿದರೆ, ಬದನೆ ಗಿಡ ಹೂ ಬಿಡದೆ ಪೊದೆ ಕಟ್ಟಿಕೊಂಡರೆ, ಹೂಕೋಸು ಹಿಡಿಗಾತ್ರಕ್ಕೇ ನಿಂತರೆ, ಅಡಿಕೆ ಸಸಿಯ ಗರಿ ಸಣ್ಣದಾಗಿ ಒತ್ತಿಕೊಂಡರೆ ಬೆಳೆಗಾರರ ಬಾಯಿಂದ ಬರುವ ಮೊದಲ ಮಾತು 'ಕೆಟ್ಟ ಬೀಜ ಕೊಟ್ಟರು' ಎಂಬುದು. ಮಾರಿದವರ ಬಾಯಿಂದ ಬರುವ ಮೊದಲ ಮಾತು 'ನಿಮ್ಮ ಮಣ್ಣು ಸರಿಯಿಲ್ಲ' ಎಂಬುದು. ಇಬ್ಬರೂ ಗಿಡವನ್ನು ಸರಿಯಾಗಿ ನೋಡುವ ಮೊದಲೇ ತೀರ್ಪು ಕೊಟ್ಟಿರುತ್ತಾರೆ. ವಾದ ಒಂದು ಹಂಗಾಮು ನಡೆಯುತ್ತದೆ. ಅಷ್ಟರಲ್ಲಿ ಗಿಡ ತಿಪ್ಪೆ ಸೇರಿರುತ್ತದೆ. ಸಾಕ್ಷಿಯೂ ಅದರ ಜೊತೆಗೇ ಹೋಗಿರುತ್ತದೆ.

ಈ ವಿಷಯವನ್ನು ಈಗ ಎತ್ತಲು ಕಾರಣವಿದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಬಯಲು, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಕಡೆ ಕಬ್ಬು, ಭತ್ತ, ರಾಗಿ ಬೆಳೆಯುತ್ತಿದ್ದ ಜಮೀನುಗಳಲ್ಲಿ ಅಡಿಕೆ ಸಸಿ ಏಳುತ್ತಿವೆ. ಅಡಿಕೆ ಫಲಕ್ಕೆ ಬರುವ ತನಕ ಐದಾರು ವರ್ಷ ಸಾಲುಗಳ ನಡುವೆ ಬಾಳೆ, ಟೊಮೆಟೊ, ಬದನೆ, ಮೆಣಸಿನಕಾಯಿ, ಹುರುಳಿಕಾಯಿ ಬೆಳೆದು ಮನೆ ಖರ್ಚು ತೂಗಿಸುವುದು ಸಣ್ಣ ಹಿಡುವಳಿದಾರರ ಪದ್ಧತಿ. ಮಲೆನಾಡಿನ ಕಾಫಿ ಸದಸ್ಯರಿಗೂ ಮನೆ ಮುಂದಿನ ಮಡಿಯಲ್ಲಿ ತರಕಾರಿ ಇದ್ದೇ ಇದೆ. ತರಕಾರಿ ಗಿಡ ಕೆಟ್ಟರೆ ಮೂರು ತಿಂಗಳ ನಷ್ಟ. ಅಡಿಕೆ ಸಸಿ ಮೂಲದಲ್ಲೇ ಕೆಟ್ಟದ್ದಾಗಿದ್ದರೆ ಅದು ಗೊತ್ತಾಗುವುದಕ್ಕೇ ಆರೇಳು ವರ್ಷ ಬೇಕು. ಕಿತ್ತು ಮತ್ತೆ ನೆಟ್ಟರೆ ಇನ್ನಾರು ವರ್ಷ. ಐವತ್ತರ ಹತ್ತಿರ ಬಂದ ಒಬ್ಬ ಬೆಳೆಗಾರರಿಗೆ ಅದು ಉಳಿದ ದುಡಿಮೆಯ ಕಾಲದ ಬಹುಪಾಲು. ಆದ್ದರಿಂದ ಮೂರು ತಿಂಗಳ ತರಕಾರಿ ಪಾತಿಯನ್ನೇ ಪಾಠಶಾಲೆ ಮಾಡಿಕೊಂಡು, ಅಲ್ಲಿ ಕಲಿತದ್ದನ್ನು ಅಡಿಕೆ ತೋಟಕ್ಕೆ ತರುವುದು ಜಾಣತನ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಮಾತಿನ ಸಾರ ಇಷ್ಟೇ. ಗಿಡದ ಅಸಹಜ ಬೆಳವಣಿಗೆಗೆ ಮೂರು ಬಗೆಯ ಮೂಲಗಳಿವೆ. ಒಂದು, ಹೊರಗಿನಿಂದ ಬಂದದ್ದು. ಎರಡು, ವಂಶವಾಹಿಯ ಬರಹದಲ್ಲೇ ಇರುವುದು. ಮೂರು, ಬರಹ ಸರಿಯಿದ್ದೂ ಅದರ ಮೇಲೆ ಬಿದ್ದ ಮುದ್ರೆಯಿಂದ ಆದದ್ದು. ಯಾವುದು ಯಾವುದೆಂದು ತಿಳಿಯದೆ ಗಿಡ ಕೀಳಬಾರದು, ಬೀಜ ಹಿಡಿಯಬಾರದು, ಜಗಳಕ್ಕೂ ಹೋಗಬಾರದು.

ಹೊರಗಿನಿಂದ ಬರುವುದು

ಟೊಮೆಟೊ ಎಲೆ ಮುಟುರು ರೋಗ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಎಲೆ ಮೇಲ್ಮುಖವಾಗಿ ದೊನ್ನೆಯಂತೆ ಮುದುರಿ ಹಳದಿಯಾಗುತ್ತದೆ, ಗಿಡ ಗಿಡ್ಡಗಾಗುತ್ತದೆ, ಕಾಯಿ ಕಚ್ಚುವುದಿಲ್ಲ. ಇದು ಬಿಳಿನೊಣ ಹೊತ್ತು ತರುವ ನಂಜುರೋಗ. ಮೆಣಸಿನ ಗಿಡದ ಮುಟುರಿಗೆ ಥ್ರಿಪ್ಸ್ ಅಥವಾ ನುಸಿ ಕಾರಣ. ಎಲೆಯಂಚು ಮೇಲಕ್ಕೆ ಮಡಿಚಿದರೆ ಥ್ರಿಪ್ಸ್, ಕೆಳಕ್ಕೆ ಮಡಿಚಿದರೆ ನುಸಿ ಎಂದು ಹೊಲದಲ್ಲೇ ಗುರುತಿಸಬಹುದು.

ಬದನೆಯ ಸಣ್ಣ ಎಲೆ ರೋಗ ಇನ್ನೂ ವಿಚಿತ್ರವಾದದ್ದು. ಗಿಡದ ತುಂಬ ಚಿಕ್ಕ ಚಿಕ್ಕ ಎಲೆ ಬಂದು ಪೊರಕೆಯಂತಾಗುತ್ತದೆ; ಹೂವಿನ ಜಾಗದಲ್ಲೂ ಎಲೆಯೇ ಮೂಡುತ್ತದೆ. ನೋಡಿದವರು ಇದು ಹುಟ್ಟಿನ ದೋಷವೆಂದೇ ನಂಬುತ್ತಾರೆ. ಆದರೆ ಇದು ಅಂಟುಜಾಡ್ಯವೆಂದು 1939ರಷ್ಟು ಹಿಂದೆಯೇ ನಮ್ಮ ದೇಶದಲ್ಲಿ ವರದಿಯಾಗಿದೆ. ಜಿಗಿಹುಳು ಹರಡುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇದರ ಕಾರಣ. ಈ ಗುಂಪಿನ ಜೀವಿಗಳು ಗಿಡದೊಳಗೆ ಬಿಡುವ ಕೆಲವು ಪ್ರೋಟೀನುಗಳು, ಹೂ ಕಟ್ಟಲು ಗಿಡವೇ ಇಟ್ಟುಕೊಂಡಿರುವ ಪ್ರೋಟೀನುಗಳನ್ನು ಮುರಿದುಹಾಕುತ್ತವೆ ಎಂದು ಈಗ ತಿಳಿದುಬಂದಿದೆ. ವಂಶವಾಹಿ ಕೆಟ್ಟಿಲ್ಲ; ಅದರ ಕೆಲಸಗಾರರನ್ನು ಹೊರಗಿನವನು ಬಂದು ಕೆಲಸ ಬಿಡಿಸಿದ್ದಾನೆ. ಇಂಥ ಗಿಡವನ್ನು ಕಿತ್ತು ಸುಡುವುದೇ ಸರಿ, ಬೀಜ ಕೊಟ್ಟವರನ್ನು ದೂರುವುದು ಸರಿಯಲ್ಲ.

ಕಬ್ಬು ಭತ್ತದ ನಡುವೆ ತರಕಾರಿ ಬೆಳೆಯುವ ನಮ್ಮ ನಾಲೆ ಬಯಲಿಗೆ ವಿಶೇಷವಾದ ಇನ್ನೊಂದು ಕಾರಣವಿದೆ. ಅದು 2,4-ಡಿ ಎಂಬ ಕಳೆನಾಶಕ. ಇದು ಅಗಲ ಎಲೆಯ ಕಳೆಗಳನ್ನು ಕೊಲ್ಲುವುದು ಗಿಡದ ಬೆಳವಣಿಗೆಯ ಚೋದಕದಂತೆ ನಟಿಸಿ. ಟೊಮೆಟೊ, ಬದನೆ, ಹುರುಳಿಕಾಯಿ, ಹತ್ತಿ ಎಲ್ಲವೂ ಅಗಲ ಎಲೆಯವೇ. ಗಾಳಿಯಲ್ಲಿ ತೇಲಿ ಬಂದ ಅಲ್ಪ ಅಂಶವೂ ಸಾಕು: ಎಲೆ ಜರೀಗಿಡದ ಎಲೆಯಂತೆ ಸಪೂರವಾಗುತ್ತದೆ, ನರಗಳು ಒಂದಕ್ಕೊಂದು ಹತ್ತಿರ ಬಂದು ಗೀಟೆಳೆದಂತೆ ಕಾಣುತ್ತವೆ, ಕಾಂಡ ತಿರುಚುತ್ತದೆ. ಹೋದ ಹಂಗಾಮಿನಲ್ಲಿ ಅರಕೆರೆ ಬಯಲಿನ ಸದಸ್ಯರೊಬ್ಬರು ಟೊಮೆಟೊ ಬೀಜ ಕೆಟ್ಟದ್ದೆಂದು ಸಂಘಕ್ಕೆ ಅರ್ಜಿ ಕೊಟ್ಟರು. ನಾವು ಹೋಗಿ ನೋಡಿದಾಗ ಕಬ್ಬಿನ ಗದ್ದೆಯ ಕಡೆಯ ಏಳೆಂಟು ಸಾಲು ಮಾತ್ರ ತಿರುಚಿದ್ದವು, ಆಚೆ ಕಡೆಯ ಸಾಲುಗಳು ನೆಟ್ಟಗಿದ್ದವು. ಬೀಜ ಒಂದೇ ಪೊಟ್ಟಣದ್ದು. ಬದುವಿನ ಪಕ್ಕಕ್ಕೆ ಮಾತ್ರ ಕೆಡುವ ಬೀಜ ಯಾವುದೂ ಇಲ್ಲ. ಕೆಲವು ವಾರ ಕಳೆದ ಮೇಲೆ ಬಂದ ಹೊಸ ಚಿಗುರು ಸರಿಯಾಗಿಯೇ ಇತ್ತು. ಕಳೆನಾಶಕ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಅದರಲ್ಲೇ ಕೀಟನಾಶಕ ಹೊಡೆದರೂ ಇದೇ ಗತಿ ಎಂಬುದನ್ನು ಎಲ್ಲರೂ ಮನಸ್ಸಿನಲ್ಲಿಡಬೇಕು.

ಮಣ್ಣಿನ ಕೊರತೆಯೂ ಹೀಗೆಯೇ ವೇಷ ಹಾಕುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಸಿಕ್ಕದಿದ್ದರೆ ಹೂಕೋಸಿನ ಎಲೆಯಲ್ಲಿ ನಡುದಿಂಡು ಮಾತ್ರ ಉಳಿದು ಚಾಟಿಯಂತಾಗುತ್ತದೆ. ವಯಸ್ಸು ಮೀರಿದ ಸಸಿ ನೆಟ್ಟರೆ, ಸಾರಜನಕ ಸಾಲದಿದ್ದರೆ ಹೂಕೋಸು ಗುಂಡಿಯಷ್ಟಕ್ಕೇ ನಿಲ್ಲುತ್ತದೆ. ಅಡಿಕೆಯ ಹಿಡಿಮುಂಡಿಗೆ ನಮ್ಮ ಹಳಬರಿಗೆಲ್ಲ ಗೊತ್ತಿರುವ ವ್ಯಾಧಿ: ಗರಿ ಸಣ್ಣದಾಗಿ, ಕಡುಹಸುರಾಗಿ, ಒಂದರ ಮೇಲೊಂದು ಒತ್ತಿಕೊಂಡು, ಗೆಣ್ಣು ಕುಗ್ಗಿ, ಮರದ ತುದಿ ಮೊನಚಾಗುತ್ತದೆ. ತಳದಲ್ಲಿ ಗಟ್ಟಿ ಪದರವಿರುವ, ನೀರು ಬಸಿಯದ ನೆಲದಲ್ಲಿ ಇದು ಹೆಚ್ಚು. ಗದ್ದೆ ಒಡೆದು ಅಡಿಕೆ ಇಡುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ವರ್ಷಗಟ್ಟಲೆ ಕೆಸರು ತುಳಿದ ಗದ್ದೆಯ ಅಡಿಯಲ್ಲಿ ಗಟ್ಟಿ ಪದರ ಇದ್ದೇ ಇರುತ್ತದೆ. ಅದನ್ನು ಒಡೆದು ಬಸಿಗಾಲುವೆ ತೆಗೆಯದೆ ನೆಟ್ಟು, ಆಮೇಲೆ ಸಸಿಯನ್ನು ಬೈದರೆ ಫಲವಿಲ್ಲ.

ಬರಹದಲ್ಲೇ ಇರುವುದು

ಈಗ ನಿಜವಾಗಿ ಬೀಜಕ್ಕೆ ಸೇರಿದ ದೋಷಗಳಿಗೆ ಬರೋಣ. ಪ್ರತಿಯೊಂದು ಜೀವಕೋಶದಲ್ಲೂ ವಂಶವಾಹಿಗಳ ಒಂದು ಬರಹವಿದೆ. ಸಂಘಕ್ಕೆ ಉಪನಿಯಮಗಳ ಪುಸ್ತಕವಿದ್ದಂತೆ ಎಂದುಕೊಳ್ಳಿ. ಬರಹದಲ್ಲೇ ತಿದ್ದುಪಡಿಯಾದರೆ, ಒಂದಕ್ಷರ ಬದಲಾದರೆ, ಬಿಟ್ಟುಹೋದರೆ, ಒಂದು ಪುಟ ಎರಡು ಸಲ ಅಚ್ಚಾದರೆ, ಅದರ ಮುಂದಿನ ಪ್ರತಿಗಳೆಲ್ಲ ಹಾಗೆಯೇ ಬರುತ್ತವೆ. ಇದಕ್ಕೆ ಉತ್ಪರಿವರ್ತನೆ ಎಂದು ಹೆಸರು. 1866ರಲ್ಲಿ ಗ್ರೆಗೊರ್ ಮೆಂಡಲ್ ಬಟಾಣಿಯ ಉದ್ದ ಗಿಡ, ಗಿಡ್ಡ ಗಿಡಗಳನ್ನು ಕೂಡಿಸಿ ಎರಡನೆಯ ಪೀಳಿಗೆಯಲ್ಲಿ ಮೂರಕ್ಕೊಂದರ ಲೆಕ್ಕ ತೋರಿಸಿದ್ದು ಇಂಥ ತಿದ್ದುಪಡಿಯನ್ನೇ. ಗಿಡವನ್ನು ಎತ್ತರಕ್ಕೆ ಎಳೆಯುವ ಜಿಬ್ಬರೆಲಿನ್ ಚೋದಕವನ್ನು ತಯಾರಿಸುವ ವಂಶವಾಹಿಯಲ್ಲಿನ ಒಂದು ಬದಲಾವಣೆಯೇ ಆ ಗಿಡ್ಡತನಕ್ಕೆ ಕಾರಣವೆಂದು 1997ರಲ್ಲಿ ತಿಳಿಯಿತು.

ತಿದ್ದುಪಡಿಯೆಲ್ಲ ಕೇಡಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಜಾತಿಯ ಗಿಡಗಳು. ಎಲೆಕೋಸು ಬಿಚ್ಚದೆ ಉಬ್ಬಿದ ಮೊಗ್ಗು; ನವಿಲುಕೋಸು ಊದಿದ ಕಾಂಡ; ಹೂಕೋಸು ಹೂವಾಗುವ ಹಾದಿಯಲ್ಲೇ ತಡೆದು ನಿಂತ ಹೂಗೊಂಚಲು. ಕಾಡಿನ ಗಿಡದ ದೃಷ್ಟಿಯಿಂದ ಮೂರೂ ಅಸಹಜ ಬೆಳವಣಿಗೆಗಳೇ. ಕಾಡು ಟೊಮೆಟೊ ಹಣ್ಣಿನೊಳಗೆ ಎರಡೇ ಕೋಣೆ. ಇಂದಿನ ದಪ್ಪ ಟೊಮೆಟೊವಿನಲ್ಲಿ ಅನೇಕ. ಬೆಳೆಯುವ ತುದಿಯ ಅಗಲವನ್ನು ಹಿಡಿತದಲ್ಲಿಡುವ ವಂಶವಾಹಿಗಳು ಸಡಿಲಗೊಂಡದ್ದರಿಂದ ಬಂದ ಗುಣವಿದು. ರೈತರು ಯಾವುದೋ ಕಾಲದಲ್ಲಿ ಇಂಥ 'ವಿಕಾರ'ಗಳನ್ನು ಕಂಡು, ಕೀಳದೆ, ಬೀಜ ಹಿಡಿದರು.

ನಮ್ಮ ಬೆಳೆಗಳಲ್ಲೂ ಉದಾಹರಣೆಗಳಿವೆ. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ಸಿಕ್ಕಿದ ಗಿಡ್ಡ ಅಡಿಕೆ ಸಹಜವಾಗಿಯೇ ಆದ ಉತ್ಪರಿವರ್ತನೆ. ಅದರ ಇಳುವರಿ ಕಡಿಮೆ, ಕಾಯಿಯ ಗುಣವೂ ಸಾಲದು. ಆ ದೃಷ್ಟಿಯಿಂದ ನೋಡಿದ್ದರೆ ಕಡಿದು ಬಿಸಾಡಬೇಕಾಗಿತ್ತು. ಆದರೆ ವಿಟ್ಲದ ಸಂಶೋಧನಾ ಕೇಂದ್ರದವರು ಅದನ್ನು ಸುಮಂಗಳ ಮತ್ತು ಮೋಹಿತ್‌ನಗರ ತಳಿಗಳೊಡನೆ ಕೂಡಿಸಿ ವಿ.ಟಿ.ಎಲ್.ಎ.ಎಚ್.-1 ಮತ್ತು 2 ಎಂಬ ಗಿಡ್ಡ ಸಂಕರ ತಳಿಗಳನ್ನು ಪಡೆದರು. ಮರ ಹತ್ತುವ ಆಳು ಸಿಕ್ಕದ ಈ ಕಾಲದಲ್ಲಿ ಅದರ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಕಾಫಿಯಲ್ಲಿ ಬ್ರೆಜಿಲ್ ದೇಶದ ಬೋರ್ಬನ್ ತಳಿಯಲ್ಲಿ ಕಾಣಿಸಿಕೊಂಡ ಕತುರ್ರಾ ಎಂಬ ಗಿಡ್ಡ ಗಿಡವೇ ನಮ್ಮ ಕಾವೇರಿ ತಳಿಯ ಒಂದು ಕಡೆಯ ಹಿರಿಯ. ಕೋಸ್ಟರಿಕಾದ ಗಿಡ್ಡ ವಿಲ್ಲಾ ಸಾರ್ಚಿ, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯ ಹಿರಿಯ.

ಆದರೆ ಇಲ್ಲೊಂದು ಎಚ್ಚರಿಕೆ ಇದೆ. ಗಿಡ್ಡ ಸಂಕರ ಅಡಿಕೆಯ ಮರದಿಂದ ಕಾಯಿ ಆಯ್ದು ಒಟ್ಲು ಹಾಕಿ 'ಗಿಡ್ಡ ತಳಿ' ಎಂದು ಮಾರಿದರೆ, ಮೆಂಡಲನ ಲೆಕ್ಕ ಅಲ್ಲಿ ತಪ್ಪದೆ ಕೆಲಸ ಮಾಡುತ್ತದೆ. ಮರಿಗಳಲ್ಲಿ ಗುಣಗಳು ಒಡೆದುಹೋಗಿ ಕೆಲವು ಗಿಡ್ಡ, ಕೆಲವು ಉದ್ದ, ಕೆಲವು ಎರಡೂ ಅಲ್ಲದವು ಬರುತ್ತವೆ. ಸಂಕರ ಟೊಮೆಟೊ ಹಣ್ಣಿನಿಂದ ಬೀಜ ತೆಗೆದು ಬಿತ್ತಿದವರಿಗೆ ಇದು ಮೂರೇ ತಿಂಗಳಲ್ಲಿ ಕಾಣುತ್ತದೆ. ಅಡಿಕೆಯಲ್ಲಿ ಕಾಣುವ ಹೊತ್ತಿಗೆ ಮಾರಿದವನ ಲಾರಿ ಎಲ್ಲಿದೆಯೋ ಯಾರು ಬಲ್ಲರು.

ಮುದ್ರೆ ಬಿದ್ದ ಪುಟಗಳು

ಮೂರನೆಯ ಬಗೆ ಹೊಸ ತಿಳುವಳಿಕೆ. ಉಪನಿಯಮದ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೆ ಯಾರೋ ಒಂದು ಪುಟವನ್ನು ಮಡಿಚಿ ಅರಗಿನ ಮುದ್ರೆ ಒತ್ತಿದ್ದಾರೆ. ಆ ನಿಯಮ ಪುಸ್ತಕದಲ್ಲಿದ್ದೂ ಜಾರಿಯಲ್ಲಿಲ್ಲ. ಜೀವಕೋಶದಲ್ಲಿ ಈ ಅರಗಿನ ಕೆಲಸವನ್ನು ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಮಾಡುತ್ತದೆ. ಯಾವ ಪುಟ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ಏರ್ಪಾಡು ಪ್ರತಿ ಗಿಡದಲ್ಲೂ ಸಹಜವಾಗಿಯೇ ಇದೆ. ಬೇರಿನ ಕೋಶ ಬೇರಾಗಿ, ಎಲೆಯ ಕೋಶ ಎಲೆಯಾಗಿ ಉಳಿಯುವುದು ಅದರಿಂದಲೇ. ಮುದ್ರೆ ತಪ್ಪು ಪುಟದ ಮೇಲೆ ಬಿದ್ದರೆ, ಅಥವಾ ಮುಚ್ಚಿರಬೇಕಾದ ಪುಟದಿಂದ ಉದುರಿದರೆ, ಗಿಡ ಅಡ್ಡದಾರಿ ಹಿಡಿಯುತ್ತದೆ. ವಿಜ್ಞಾನಿಗಳು ಇದನ್ನು ಎಪಿಜೆನೆಟಿಕ್ ಬದಲಾವಣೆ ಎನ್ನುತ್ತಾರೆ.

ಇದಕ್ಕೆ ಹಳೆಯ ಸಾಕ್ಷಿಯೊಂದಿದೆ. ಸ್ವೀಡನ್ನಿನ ಲಿನ್ನೇಯಸ್ 1744ರಲ್ಲಿ ಲಿನೇರಿಯಾ ಎಂಬ ಕಾಡುಹೂವಿನ ಒಂದು ವಿಚಿತ್ರ ರೂಪವನ್ನು ವರ್ಣಿಸಿದ. ಒಂದೇ ಕಡೆಗೆ ತುಟಿ ಚಾಚಬೇಕಾದ ಹೂ ಐದು ಕಡೆಗೂ ಸಮನಾಗಿ ಅರಳಿತ್ತು. 'ರಾಕ್ಷಸ' ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಪೆಲೋರಿಯಾ ಎಂದು ಹೆಸರಿಟ್ಟ. ಎರಡೂವರೆ ಶತಮಾನದ ನಂತರ, 1999ರಲ್ಲಿ, ಇಂಗ್ಲೆಂಡಿನ ನಾರ್ವಿಚ್ ನಗರದ ವಿಜ್ಞಾನಿಗಳು ಅದರ ವಂಶವಾಹಿಯ ಬರಹ ಓದಿದಾಗ ಅಲ್ಲಿ ಈ ವಿಕಾರಕ್ಕೆ ಹೊಣೆಯಾಗುವ ತಿದ್ದುಪಡಿ ಇರಲಿಲ್ಲ. ದಪ್ಪ ಮುದ್ರೆ ಬಿದ್ದಿತ್ತು. ಕೆಲವೊಮ್ಮೆ ಅದೇ ಗಿಡದ ಒಂದು ರೆಂಬೆಯಲ್ಲಿ ಮುದ್ರೆ ಸಡಿಲವಾಗಿ ಹೂ ಮೊದಲಿನಂತಾಗುವುದೂ ಉಂಟು.

ತರಕಾರಿಯಲ್ಲಿ ಪ್ರಸಿದ್ಧವಾದದ್ದು ಹಣ್ಣಾಗದ, ಬಣ್ಣ ಬಾರದ ಒಂದು ಟೊಮೆಟೊ. ಕಾಯಿ ಪೂರ್ತಿ ಬೆಳೆದರೂ ಕೆಂಪಾಗದೆ ಬಿಳಿಚಿಕೊಂಡೇ ಉಳಿಯುತ್ತದೆ. ಹಣ್ಣಾಗುವ ಕೆಲಸಕ್ಕೆ ಚಾಲನೆ ಕೊಡುವ ಒಂದು ವಂಶವಾಹಿಯ ಮುಂಬದಿಯಲ್ಲಿ ಮೀಥೈಲ್ ಮುದ್ರೆ ಹೆಚ್ಚಾಗಿ ಬಿದ್ದದ್ದೇ ಇದರ ಮೂಲವೆಂದು 2006ರಲ್ಲಿ ಪ್ರಕಟವಾಯಿತು. ಈ ಮುದ್ರೆ ಬೀಜದ ಮೂಲಕವೂ ಮುಂದಿನ ಪೀಳಿಗೆಗೆ ಹೋಗುತ್ತದೆ. ಆದ್ದರಿಂದ ಬರಹ ಶುದ್ಧವಾಗಿದೆ ಎಂದ ಮಾತ್ರಕ್ಕೆ ಸಸಿ ಶುದ್ಧವೆಂದು ಹೇಳುವ ಹಾಗಿಲ್ಲ.

ಅಡಿಕೆ ಬೆಳೆಗಾರರಿಗೆ ಇದಕ್ಕಿಂತ ಹತ್ತಿರದ ಪಾಠ ಅಡಿಕೆಯ ದಾಯಾದಿಯಾದ ತಾಳೆ ಎಣ್ಣೆ ಮರದ್ದು. ಉತ್ತಮ ಮರದ ತುಣುಕಿನಿಂದ ಅಂಗಾಂಶ ಕೃಷಿಯಲ್ಲಿ ಸಾವಿರಾರು ಸಸಿ ಮಾಡಿ ಮಲೇಷ್ಯಾ ಮುಂತಾದ ಕಡೆ ನೆಟ್ಟರು. ಸಸಿ ನೋಡಲು ಚೆನ್ನಾಗಿಯೇ ಇತ್ತು. ಫಲ ಬರುವ ಕಾಲಕ್ಕೆ ಕೆಲವು ಮರಗಳ ಕಾಯಿಗೆ ಸುತ್ತಲೂ ಬೇಡದ ಅಂಗಗಳು ಮೂಡಿ ಕವಚ ಹೊದ್ದಂತಾಯಿತು. ಎಣ್ಣೆ ಇಲ್ಲ, ಗೊನೆ ನಿಲ್ಲಲಿಲ್ಲ. ತಾಯಿ ಮರದ ಬರಹವೂ ಮರಿಯ ಬರಹವೂ ಒಂದೇ. 2015ರಲ್ಲಿ ಮಲೇಷ್ಯಾ ಮತ್ತು ಅಮೆರಿಕದ ವಿಜ್ಞಾನಿಗಳು ಕಾರಣ ಹಿಡಿದರು. ಹೂವಿನ ಅಂಗ ಕಟ್ಟುವ ವಂಶವಾಹಿಯೊಂದರ ಒಳಗೆ ಕುಳಿತಿರುವ, ಸದಾ ಮುಚ್ಚಿರಬೇಕಾದ ಒಂದು ಅಲೆಮಾರಿ ತುಣುಕಿನ ಮುದ್ರೆ ಪ್ರಯೋಗಶಾಲೆಯ ಸೀಸೆಯಲ್ಲಿ ಉದುರಿಹೋಗಿತ್ತು. ಆ ತುಣುಕಿಗೆ ಇಟ್ಟಿರುವ ಹೆಸರು 'ಕರ್ಮ'. ಮುದ್ರೆ ಉಳಿದರೆ ಒಳ್ಳೆಯ ಕರ್ಮ, ಉದುರಿದರೆ ಕೆಟ್ಟ ಕರ್ಮ ಎಂದು ಅವರೇ ಕರೆದಿದ್ದಾರೆ. ಈಗ ಆ ಮುದ್ರೆಯನ್ನು ಸಸಿಯ ಎಲೆಯಲ್ಲೇ ಪರೀಕ್ಷಿಸಲು ಸಾಧ್ಯವಾಗಿದೆ.

ನಮ್ಮ ಅಡಿಕೆ ಸಾಲಿನ ನಡುವಿನ ಅಂಗಾಂಶ ಕೃಷಿಯ ಬಾಳೆಯಲ್ಲೂ ಹೀಗೆ ದಾರಿ ತಪ್ಪಿದ ಗಿಡ ಬರುತ್ತವೆ. ಪಚ್ಚಬಾಳೆ ಜಾತಿಯಲ್ಲಿ ಅತಿ ಗಿಡ್ಡತನವೇ ಇವುಗಳಲ್ಲಿ ಹೆಚ್ಚು. ಒಂದೇ ಗಡ್ಡೆಯಿಂದ ಮಿತಿ ಮೀರಿ ಮರಿ ಮೇಲೆ ಮರಿ ತೆಗೆದಷ್ಟೂ ತಪ್ಪು ಹೆಚ್ಚುತ್ತದೆ. ಅವುಗಳಲ್ಲಿ ಕೆಲವು ಬರಹದ ತಪ್ಪು, ಕೆಲವು ಮುದ್ರೆಯ ತಪ್ಪು. ಇವನ್ನು ಬಂಚಿ ಟಾಪ್ ಎಂಬ ನಂಜುರೋಗದೊಡನೆ ಬೆರೆಸಬಾರದು. ಬಂಚಿ ಟಾಪಿನಲ್ಲಿ ಹೊಸ ಎಲೆಗಳು ನೆಟ್ಟಗೆ ಗೊಂಚಲಾಗಿ ನಿಂತು, ದಿಂಡಿನ ಮೇಲೆ ಕಡುಹಸುರು ಗೀಟುಗಳು ಕಾಣುತ್ತವೆ. ಹೇನು ಅದನ್ನು ಪಕ್ಕದ ಗಿಡಕ್ಕೆ ಹರಡುತ್ತದೆ.

ಗುರುತಿಸುವುದು ಹೇಗೆ?

ಪ್ರಯೋಗಶಾಲೆ ಇಲ್ಲದೆಯೂ ಬೆಳೆಗಾರರು ಮೂರು ಪ್ರಶ್ನೆ ಕೇಳಿಕೊಳ್ಳಬಹುದು.

ಮೊದಲನೆಯದು, ಎಲ್ಲೆಲ್ಲಿ? ಹೊಲದಲ್ಲಿ ಅಲ್ಲೊಂದು ಇಲ್ಲೊಂದು, ಸುತ್ತಲಿನವು ಚೆನ್ನಾಗಿದ್ದು ಒಂಟಿಯಾಗಿ ಕೆಟ್ಟಿದ್ದರೆ, ಹುಟ್ಟಿನ ದೋಷದ ಅನುಮಾನ ಪಡಬಹುದು. ಬದುವಿನಂಚಿಗೆ ಕೆಟ್ಟಿದ್ದರೆ ಕಳೆನಾಶಕ. ತಗ್ಗಿನಲ್ಲಿ ಒಟ್ಟಾಗಿ ಕೆಟ್ಟಿದ್ದರೆ ಮಣ್ಣು ನೀರು. ವಾರದಿಂದ ವಾರಕ್ಕೆ ಹರಡುತ್ತಿದ್ದರೆ ರೋಗ.

ಎರಡನೆಯದು, ಹೊಸ ಚಿಗುರು ಹೇಗಿದೆ? ಕಳೆನಾಶಕದ ಸೋಂಕು ಅಲ್ಪವಾಗಿದ್ದರೆ ಮುಂದಿನ ಚಿಗುರು ಸುಧಾರಿಸುತ್ತದೆ. ಕೊರತೆ ನೀಗಿಸಿದರೂ ಹಾಗೆಯೇ. ಬರಹದ ದೋಷ ಜೀವಮಾನಪರ್ಯಂತ ಇರುತ್ತದೆ. ಮುದ್ರೆಯ ದೋಷವೂ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಅಪರೂಪಕ್ಕೆ ಒಂದು ರೆಂಬೆ ಸಹಜಕ್ಕೆ ಮರಳಿದರೆ ಅದೇ ಸುಳಿವು.

ಮೂರನೆಯದು, ಮರಿ ಹೇಗೆ ಬರುತ್ತದೆ? ತರಕಾರಿಯಲ್ಲಿ ಅನುಮಾನದ ಗಿಡದ ಬೀಜವನ್ನು ಬೇರೆ ಪಾತಿಯಲ್ಲಿ ಬಿತ್ತಿ ನೋಡಬಹುದು. ಒಂದು ಲೆಕ್ಕಕ್ಕೆ ಸರಿಯಾಗಿ ಸೊಟ್ಟ ಗಿಡ ಬಂದರೆ ಬರಹ; ಬರಲೇ ಇಲ್ಲವಾದರೆ ಬಹುಪಾಲು ಹೊರಗಿನ ಕಾರಣ; ಕೆಲವು ಬಂದು ಕೆಲವು ಸರಿಹೋಗಿ ಲೆಕ್ಕ ಕೂಡದಿದ್ದರೆ ಮುದ್ರೆಯನ್ನು ಶಂಕಿಸಬಹುದು. ಕಾಫಿಯ ಒಂಟಿಬೀಜ, ಅಂದರೆ ಪಿ.ಬಿ. ದರ್ಜೆಯ ಕಾಳು, ಇದಕ್ಕೆ ಒಳ್ಳೆಯ ಉದಾಹರಣೆ. ಕಾಯಿಯೊಳಗಿನ ಎರಡರಲ್ಲಿ ಒಂದು ಬೆಳೆಯದೆ ಹೋದಾಗ ಉಳಿದದ್ದು ದುಂಡಗಾಗುತ್ತದೆ. ಅದನ್ನು ಬಿತ್ತಿದರೆ ಒಂಟಿಬೀಜವನ್ನೇ ಬಿಡುವ ಗಿಡ ಬರುವುದಿಲ್ಲ. ಸಾಧಾರಣ ಗಿಡವೇ ಬರುತ್ತದೆ.

ಅಡಿಕೆಯಲ್ಲಿ ಮರಿ ನೋಡಿ ತೀರ್ಮಾನಿಸುವಷ್ಟು ಆಯುಸ್ಸು ಯಾರಿಗಿದೆ? ಅಡಿಕೆ ಪರಕೀಯ ಪರಾಗದ ಮರವಾದ್ದರಿಂದ ತಾಯಿ ಒಳ್ಳೆಯದಾದರೂ ತಂದೆ ಯಾರೆಂದು ಗೊತ್ತಿರುವುದಿಲ್ಲ. ಆದ್ದರಿಂದಲೇ ತಾಯಿ ಮರ, ಬೀಜದ ಕಾಯಿ, ಮೊಳಕೆ, ಸಸಿ ಎಂಬ ನಾಲ್ಕು ಹಂತದ ಆಯ್ಕೆಯನ್ನು ಶಿಫಾರಸು ಮಾಡಲಾಗಿದೆ. ಸಸಿಯ ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ ಸೆಂಟಿಮೀಟರಿನಲ್ಲಿ ಅಳೆದ ಎತ್ತರವನ್ನು ಕಳೆಯಿರಿ. 90 ಸೆಂ.ಮೀ. ಎತ್ತರದ ಆರೆಲೆಯ ಸಸಿಗೆ 150 ಅಂಕ, ಅದೇ ಎತ್ತರದ ನಾಲ್ಕೆಲೆಯ ಸಸಿಗೆ 70. ಹೆಚ್ಚು ಅಂಕದ್ದನ್ನು ನೆಡಿ. ಉದ್ದವಾಗಿ ನಳನಳಿಸುವ ಸಸಿಗೆ ಮರುಳಾಗುವ ಅಭ್ಯಾಸವನ್ನು ಈ ಸಣ್ಣ ಲೆಕ್ಕ ಬಿಡಿಸುತ್ತದೆ.

ಸಂಘ ಮಾಡಬೇಕಾದದ್ದು

ಅಂಗಾಂಶ ಕೃಷಿಯೇ ಬೇಡ ಎನ್ನುವ ಸದಸ್ಯರಿದ್ದಾರೆ. ನಾವು ಒಪ್ಪುವುದಿಲ್ಲ. ನಂಜಿಲ್ಲದ ಬಾಳೆ ಸಸಿ ನಮಗೆ ಸಿಕ್ಕಿದ್ದು ಅದರಿಂದಲೇ. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಸಂಸ್ಥೆ ಅಡಿಕೆಗೂ ಆ ವಿಧಾನವನ್ನು ರೂಪಿಸಿದೆ. ಗಿಡ್ಡ ಸಂಕರ ಮರವನ್ನು ಗುಣ ಒಡೆಯದಂತೆ ಹೆಚ್ಚಿಸಲು ಅದು ದಾರಿ. ಬೇಕಾದದ್ದು ಭಯವಲ್ಲ, ದಾಖಲೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಅಂಗಾಂಶ ಕೃಷಿ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ತಂದಿದೆ. ಅದರಡಿ ಸಸಿಯ ನಂಜುಮುಕ್ತತೆಯನ್ನೂ ತಾಯಿಯೊಡನೆ ಅದರ ಏಕರೂಪತೆಯನ್ನೂ ಪರೀಕ್ಷಿಸುತ್ತಾರೆ. ಆ ಚೀಟಿ ಕೇಳದೆ ಕೊಳ್ಳುವುದು ನಮ್ಮದೇ ಅಸಡ್ಡೆ.

ಸಣ್ಣ ರೈತನಿಗೆ ಇಷ್ಟೆಲ್ಲ ಬರೆದಿಡಲು ಪುರುಸೊತ್ತೆಲ್ಲಿ ಎಂದು ಇನ್ನು ಕೆಲವರು ಕೇಳಬಹುದು. ನಿಜ. ಅದಕ್ಕೇ ಸಂಘ ಇರುವುದು. ಒಬ್ಬರು ಇನ್ನೂರು ಸಸಿ ಕೊಂಡಾಗ ಮಾರುವವನು ವಂಶಾವಳಿ ಹೇಳುವುದಿಲ್ಲ. ಸಂಘ ಎಲ್ಲರ ಬೇಡಿಕೆಯನ್ನು ಕೂಡಿಸಿ ಇಪ್ಪತ್ತು ಸಾವಿರಕ್ಕೆ ಆದೇಶ ಕೊಟ್ಟರೆ ಹೇಳಲೇಬೇಕಾಗುತ್ತದೆ.

ಬರುವ ಮಹಾಸಭೆಯ ಮುಂದೆ ನಾವು ಈ ಸಲಹೆಗಳನ್ನಿಡುತ್ತೇವೆ. ತಾಯಿ ತೋಟ, ತಳಿ, ಬೀಜ ಹಾಕಿದ ವರ್ಷ, ತಂಡದ ಸಂಖ್ಯೆ ಬರೆದ ರಸೀತಿ ಇಲ್ಲದ ಸಸಿಯನ್ನು ಸಂಘದ ಮೂಲಕ ಕೊಳ್ಳಬಾರದು. ಪ್ರತಿ ತಂಡದ ಹತ್ತು ಸಸಿಗಳನ್ನು ಸಂಘದ ಜಾಗದಲ್ಲಿ ನೆಟ್ಟು ಹೆಸರು ಬರೆದಿಡಬೇಕು. ಮುಂದೆ ತಕರಾರು ಬಂದರೆ ಒಂದೇ ಮಣ್ಣಿನಲ್ಲಿ ಬೆಳೆದ ಆ ಸಸಿಗಳೇ ಸಾಕ್ಷಿ ಹೇಳುತ್ತವೆ. ಅಸಹಜ ಗಿಡಗಳ ಒಂದು ದಾಖಲೆ ಪುಸ್ತಕ ತೆರೆಯಬೇಕು. ಎಲ್ಲಿ, ಎಂದು, ಎಷ್ಟು, ಪಕ್ಕದ ಬೆಳೆ ಯಾವುದು, ಯಾವ ಔಷಧ ಹೊಡೆದದ್ದು ಎಂದು ಬರೆದು ಫೋಟೋ ಅಂಟಿಸಬೇಕು. ಗಿಡ ಕೀಳುವ ಮೊದಲು ಮಂಡ್ಯದ ವಿ.ಸಿ. ಫಾರಂಗೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಾದರಿ ಕಳಿಸಬೇಕು.

ಕಾನೂನೂ ನಮ್ಮ ಜೊತೆಗಿದೆ. ಬೀಜ ಕೊಳ್ಳುವ ರೈತನೂ ಗ್ರಾಹಕನೇ, ದೋಷದ ಬೀಜಕ್ಕೆ ಆತ ಗ್ರಾಹಕ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದು ಎಂದು 2012ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆದರೆ ನ್ಯಾಯಾಲಯ ಕೇಳುವುದು ನಮ್ಮ ಸಿಟ್ಟನ್ನಲ್ಲ, ರಸೀತಿಯನ್ನು ಮತ್ತು ತಜ್ಞರ ವರದಿಯನ್ನು. ಕಳೆನಾಶಕದಿಂದ ತಿರುಚಿದ ಗಿಡ ಹಿಡಿದು ಬೀಜದ ಮೇಲೆ ದೂರು ಕೊಟ್ಟರೆ ಆ ದೂರು ಬೀಳುತ್ತದೆ. ಮರುವರ್ಷ ನಿಜವಾಗಿ ಕೆಟ್ಟ ಬೀಜ ಬಂದಾಗ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಬೀಜದಂತೆ ವೃಕ್ಷ ಎಂಬ ಗಾದೆ ಸುಳ್ಳಲ್ಲ, ಪೂರ್ತಿಯೂ ಅಲ್ಲ. ಗಿಡದ ತಪ್ಪು ಬೀಜದ್ದೋ, ಬದುವಿನಾಚೆಯ ಗಾಳಿಯದ್ದೋ, ನಾವು ಒಡೆಯದೆ ಬಿಟ್ಟ ನೆಲದ್ದೋ, ಸೀಸೆಯಲ್ಲಿ ಉದುರಿದ ಮುದ್ರೆಯದ್ದೋ ಎಂದು ಕೇಳಿಕೊಳ್ಳಲು ಒಂದು ದಿನ ಸಾಕು. ಈ ಮುಂಗಾರಿಗೆ ಸಸಿ ಕೊಳ್ಳಲಿರುವ ಸದಸ್ಯರು ತಮ್ಮ ಬೇಡಿಕೆಯನ್ನು ಮೊದಲು ಸಂಘದ ಕಚೇರಿಯಲ್ಲಿ ಬರೆಸಬೇಕೆಂದೂ, ಮೇಲಿನ ಸಲಹೆಗಳ ಬಗ್ಗೆ ತಮ್ಮ ಅಭಿಪ್ರಾಯವನ್ನು ಮಹಾಸಭೆಯಲ್ಲಿ ತಪ್ಪದೆ ತಿಳಿಸಬೇಕೆಂದೂ ಕೋರುತ್ತೇವೆ.

— ಕಾರ್ಯದರ್ಶಿ